ಕಾಚಂಪುಳಿ: ಬಾಟಲಿ ಕೊಳ್ಳುವ ಮುನ್ನ, ಪಾತ್ರೆಗೆ ಸುರಿಯುವ ಮುನ್ನ

ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿಗೆ ಹೋದರೂ ಜೇನು, ಕರಿಮೆಣಸು, ಕಾಫಿಪುಡಿ ಮಾರುವ ಅಂಗಡಿಗಳಲ್ಲಿ ಕಪ್ಪು ದ್ರವ ತುಂಬಿದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಚೀಟಿಯ ಮೇಲೆ ಎಲ್ಲದಕ್ಕೂ ಒಂದೇ ಹೆಸರು, ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ಹುಳಿ. ಒಳಗಿನ ಸರಕು ಮಾತ್ರ ಬಾಟಲಿಗೊಂದು ತರಹ. ಪಂದಿ ಕರಿ, ಅಂದರೆ ಕೊಡವರ ಹಂದಿ ಮಾಂಸದ ಅಡುಗೆ, ಮಾಡಲೆಂದೇ ಕೊಳ್ಳುವವರಿಗೆ ನಮ್ಮ ಶಿಫಾರಸು: ತೋಟದ ಮನೆಗಳಲ್ಲಿ ಹಣ್ಣಿನ ರಸ ಇಳಿಸಿ, ಬೇರೇನೂ ಬೆರೆಸದೆ ಬತ್ತಿಸಿದ ಗಟ್ಟಿ ಕಾಚಂಪುಳಿಯನ್ನೇ ಹುಡುಕಿ ಕೊಳ್ಳಿ, ದುಬಾರಿ ಎನಿಸಿದರೂ. ತೆಳ್ಳನೆಯದು ಅಗ್ಗವಾಗಿ ಕಾಣುತ್ತದೆ, ಆದರೆ ಎರಡು ಮೂರು ಪಟ್ಟು ಸುರಿಯಬೇಕಾಗುವುದರಿಂದ ಲೆಕ್ಕ ಅಲ್ಲಿಂದಲ್ಲಿಗೇ ಬರುತ್ತದೆ. ರುಚಿಯಂತೂ ಬರುವುದೇ ಇಲ್ಲ.

ಇದರ ಮೂಲ ಪಣಪುಳಿ ಮರದ ಹಣ್ಣು. ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಗಮ್ಮಿ-ಗುಟ್ಟಾ. ಮಲೆನಾಡಿನವರಿಗೆ ಇದೇ ಉಪ್ಪಾಗೆ, ಮಲಯಾಳಿಗಳಿಗೆ ಕುಡಂಪುಳಿ. ಕರಾವಳಿಯ ಪುನರ್ಪುಳಿ, ಅಂದರೆ ಮುರುಗಲು, ಇದರ ಹತ್ತಿರದ ನೆಂಟನಾದರೂ ಬೇರೆ ಮರ. ಆ ಕೆಂಪು ರಸವನ್ನು ಪಂದಿ ಕರಿಗೆ ಹಾಕಿದರೆ ಕೆಲಸಕ್ಕೆ ಬಾರದು. ಪಣಪುಳಿ ಮಳೆಗಾಲದಲ್ಲಿ ಹಳದಿಯಾಗಿ ಮಾಗಿ ಉದುರುತ್ತದೆ. ಹಣ್ಣನ್ನು ಆರಿಸಿ, ಬಿದಿರಿನ ಬುಟ್ಟಿಗೆ ತುಂಬಿ, ಅಡಿಗೆ ಪಾತ್ರೆ ಇಟ್ಟರೆ ಹಣ್ಣು ಮೆತ್ತಗಾಗುತ್ತ ಕೆಲವು ದಿನಗಳಲ್ಲಿ ತನ್ನಷ್ಟಕ್ಕೆ ರಸ ಬಿಡುತ್ತದೆ. ಹಿಂಡುವ ಹಾಗಿಲ್ಲ. ಹಿಂಡಿದರೆ ತಿರುಳಿನ ಒಗರೂ ನಾರೂ ಇಳಿದು ರಸ ಕದಡುತ್ತದೆ. ಇಳಿದದ್ದನ್ನು ಸೋಸಿ, ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ, ಕಪ್ಪಾಗಿ ಚಮಚದಿಂದ ನಿಧಾನ ಜಾರುವ ಹದಕ್ಕೆ ಬತ್ತಿಸುತ್ತಾರೆ. ಮಣ್ಣಿನ ಗಡಿಗೆ ಇಲ್ಲವೇ ಸ್ಟೀಲ್ ಪಾತ್ರೆ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಈ ಹುಳಿ ತಿನ್ನುತ್ತದೆ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ. ಹದವಾಗಿ ಬತ್ತಿದ್ದು ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಕೆಡುವುದಿಲ್ಲ.

ಅಂಗಡಿಯಲ್ಲಿ ಮೊದಲು ಬಾಟಲಿಯನ್ನು ಓರೆ ಮಾಡಿ ನೋಡಿ. ಒಳ್ಳೆಯದು ಗಾಜಿನ ಒಳಮೈಗೆ ಕಂದು ಪದರ ಬಿಟ್ಟು ತಡವಾಗಿ ಇಳಿಯುತ್ತದೆ. ನೀರಿನಂತೆ ತುಳುಕಿದರೆ ಬತ್ತಿಸಿದ್ದು ಸಾಲದು, ಅಥವಾ ಆಮೇಲೆ ನೀರು ಬಿದ್ದಿದೆ. ಇಂಥ ಬಾಟಲಿಯ ಕತ್ತಿನಲ್ಲಿ ಕೆಲವೇ ತಿಂಗಳಲ್ಲಿ ಬಿಳಿ ಬೂಷ್ಟು ಕಾಣಿಸಬಹುದು. ಲೋಹದ ಮುಚ್ಚಳದ ಒಳಭಾಗ ತುಕ್ಕು ಹಿಡಿದಿದ್ದರೆ ಅದನ್ನೂ ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಇನ್ನೂ ಖಚಿತವಾಗಿ ನೋಡಬಹುದು. ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಡಿ: ನಡುವೆ ಕಪ್ಪು, ಅಂಚಿನಲ್ಲಿ ಕೆಂಪು ಛಾಯೆಯ ಕಂದು ಇರಬೇಕು. ಬೆರಳಲ್ಲಿ ತೀಡಿ ಆರಲು ಬಿಟ್ಟಾಗ ಅಂಟಂಟಾಗಿ ಹಿಡಿದರೆ ಬೆಲ್ಲವೋ ಸುಟ್ಟ ಸಕ್ಕರೆಯೋ ಸೇರಿದೆ ಎಂದು ಅನುಮಾನ ಪಡಬೇಕು. ನಾಲಿಗೆಗೆ ಸಿಹಿಯ ಸುಳಿವು ಸಿಕ್ಕರೆ ಅನುಮಾನವೂ ಬೇಡ. ಅರ್ಧ ಲೋಟ ಬಿಸಿನೀರಿಗೆ ಒಂದು ಚಿಕ್ಕ ಚಮಚ ಹಾಕಿ ಮೂಗಿನ ಹತ್ತಿರ ಹಿಡಿಯಿರಿ. ವಿನೆಗರ್ ಬೆರೆಸಿದ್ದರೆ ಘಾಟು ಥಟ್ಟನೆ ಮೂಗಿಗೆ ಹೊಡೆಯುತ್ತದೆ, ಏಕೆಂದರೆ ವಿನೆಗರಿನ ಆಮ್ಲ ಬಿಸಿಗೆ ಆವಿಯಾಗುತ್ತದೆ. ಪಣಪುಳಿಯ ಆಮ್ಲ ಹಾಗೆ ಹಾರುವುದಿಲ್ಲ. ಹೊಗೆ ಮತ್ತು ಒಣಹಣ್ಣಿನ ವಾಸನೆ ಮಾತ್ರ ಬರುತ್ತದೆ. ಅದೇ ಲೋಟವನ್ನು ಹತ್ತು ನಿಮಿಷ ಬಿಟ್ಟು ನೋಡಿದಾಗ ತಳದಲ್ಲಿ ರಾಡಿ ದಪ್ಪಗೆ ಕೂತಿದ್ದರೆ ಹುಣಸೆಹಣ್ಣು ಕಿವುಚಿ ಸೇರಿಸಿರುವ ಸಾಧ್ಯತೆ ಹೆಚ್ಚು.

ಕೆಲವು ಚೀಟಿಗಳ ಮೇಲೆ 'ತೂಕ ಇಳಿಸುತ್ತದೆ' ಎಂಬ ಸಾಲೂ ಇರುತ್ತದೆ. ಈ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಹೆಸರಲ್ಲಿ ಹುಟ್ಟಿದ ಮಾತು ಅದು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆಸಿದ ಪ್ರಯೋಗದಲ್ಲಿ, ಇದನ್ನು ತೆಗೆದುಕೊಂಡವರಿಗೂ ಬರೀ ಹುಸಿಗುಳಿಗೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಾಚಂಪುಳಿ ಅಡುಗೆಯ ಸಾಮಾನು. ಲೋಟಕ್ಕೆ ಬೆರೆಸಿ ಕುಡಿಯಲು ಕೊಳ್ಳಬೇಡಿ.

ಒಂದೇ ಮರದ ಹಣ್ಣನ್ನು ಪಶ್ಚಿಮಘಟ್ಟದ ಉದ್ದಕ್ಕೂ ಜನ ಎಷ್ಟು ಬೇರೆ ಬೇರೆಯಾಗಿ ಬಳಸುತ್ತಾರೆ ನೋಡಿ. ಕೇರಳದಲ್ಲಿ ಸಿಪ್ಪೆಯನ್ನು ಬಿಡಿಸಿ, ಒಣಗಿಸಿ, ಹೊಗೆಗಿಟ್ಟು ಕಪ್ಪು ಮಾಡುತ್ತಾರೆ. ಅದು ಮೀನಿನ ಸಾರಿನ ಹುಳಿ. ಶಿರಸಿ, ಸಿದ್ದಾಪುರದ ಕಡೆ ಒಣಗಿಸಿದ ಸಿಪ್ಪೆ ವ್ಯಾಪಾರಕ್ಕೆ ಹೋಗುತ್ತದೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗು ರಸವನ್ನು ಬತ್ತಿಸಿ ಮಾಂಸಕ್ಕೆ ಹಾಕುವ ದಾರಿ ಹಿಡಿಯಿತು. ಇದರ ಹಿಂದೆ ಬೇಟೆ ಇದೆ. ಕಾಡುಹಂದಿಯ ಮಾಂಸ ಕಡುಗೆಂಪು, ಎಳೆ ಗಟ್ಟಿ, ಕೊಬ್ಬು ಕಡಿಮೆ, ವಾಸನೆ ಜೋರು. ಬಲಿತ ಗಂಡಾದರೆ ಬೆದೆಗಾಲದಲ್ಲಿ ಇನ್ನೂ ಜೋರು. ಮಳೆ ಹಿಡಿದ ಊರಲ್ಲಿ ಒಂದು ಹಂದಿ ಬಿದ್ದರೆ ಅಷ್ಟೂ ಮಾಂಸ ಅಂದೇ ಮುಗಿಯುವುದಿಲ್ಲ. ವಾಸನೆಯನ್ನು ಎದುರಿಸಲು ಕಪ್ಪಾಗುವಷ್ಟು ಹುರಿದ ಮಸಾಲೆಯೂ ಮೆಣಸೂ, ನಾಲ್ಕು ದಿನ ಕಾಯಿಸಿ ಕಾಯಿಸಿ ಉಣ್ಣಲು ಗಟ್ಟಿ ಹುಳಿ: ಪಂದಿ ಕರಿಯ ಕಟ್ಟು ಅಲ್ಲಿಂದ ಬಂದದ್ದು.

ಬೇಟೆ ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. 2022ರ ತಿದ್ದುಪಡಿಯಿಂದ ಕಾಡುಹಂದಿ ಎರಡನೇ ಅನುಸೂಚಿಗೆ ಸೇರಿದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬದಲ್ಲಿ, ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ, ಎಲೆಗೆ ಬೀಳುವುದು ಸಾಕಿದ ಹಂದಿ. ಪ್ರವಾಸಿಗರ ಹತ್ತಿರ ಯಾರಾದರೂ ಪಿಸುದನಿಯಲ್ಲಿ 'ಕಾಡುಹಂದಿ ಇದೆ' ಎಂದರೆ ಎದ್ದು ಬನ್ನಿ. ಒಂದೋ ಅದು ಸುಳ್ಳು, ಇಲ್ಲವೋ ಕೊಂಡವರನ್ನೂ ಕಾನೂನಿನ ಕೈಗೆ ಸಿಕ್ಕಿಸುವ ಸತ್ಯ. ಕಾಡು ಮಾಂಸಕ್ಕೆ ಪಶುವೈದ್ಯರ ತಪಾಸಣೆ ಇರುವುದಿಲ್ಲ, ಟ್ರೈಕಿನೆಲ್ಲಾದಂಥ ಹುಳುವಿನ ಅಪಾಯ ಬೇರೆ.

ಮಾಂಸ ಬದಲಾಯಿತು, ಅಳತೆ ಬದಲಾಗಲಿಲ್ಲ. ಹೆಚ್ಚಿನ ಅಡುಗೆ ಕೆಡುವುದು ಇಲ್ಲೇ. ಫಾರಂ ಹಂದಿಗೆ ಚರ್ಮದಡಿ ದಪ್ಪ ಕೊಬ್ಬು, ಎಳೆ ಮೆತ್ತಗೆ, ವಾಸನೆ ಕಡಿಮೆ, ಬೇಯುವಾಗ ನೀರು ಹೆಚ್ಚು ಬಿಡುತ್ತದೆ. ಹಳೆಯ ಕೈಯಳತೆಯಲ್ಲಿ ಹುಳಿ ಸುರಿದರೆ ಹಲ್ಲು ಜುಮ್ಮೆನ್ನುತ್ತದೆ, ಮಾಂಸದ ರುಚಿ ಮುಚ್ಚಿಹೋಗುತ್ತದೆ. ಫಾರಂ ಮಾಂಸಕ್ಕೆ ಹೊಂದುವ ಅಳತೆ ಹೀಗೆ:

ಚರ್ಮ, ಕೊಬ್ಬು ಸಹಿತ 1 ಕಿಲೋ ಮಾಂಸವನ್ನು ಒಂದಿಂಚಿನ ತುಂಡು ಮಾಡಿಸಿ. ಅರ್ಧ ಚಿಕ್ಕ ಚಮಚ ಅರಿಸಿನ, 2 ಚಿಕ್ಕ ಚಮಚ ಖಾರದಪುಡಿ, ಉಪ್ಪು ಸವರಿ ಅರ್ಧ ಗಂಟೆ ಇಡಿ. 3 ಈರುಳ್ಳಿ, 15 ಎಸಳು ಬೆಳ್ಳುಳ್ಳಿ, ಎರಡಿಂಚು ಶುಂಠಿ, 5-6 ಹಸಿಮೆಣಸಿನಕಾಯಿ, ಕರಿಬೇವನ್ನು ತರಿತರಿಯಾಗಿ ಜಜ್ಜಿಕೊಳ್ಳಿ. ಎಣ್ಣೆ ಬೇಡ; ಕೊಬ್ಬಿನ ತುಂಡುಗಳನ್ನು ಮೊದಲು ಹಾಕಿದರೆ ಅದೇ ಕರಗಿ ಸಾಕಾಗುತ್ತದೆ. ಜಜ್ಜಿದ್ದನ್ನು ಬಾಡಿಸಿ, ಮಾಂಸ ಸೇರಿಸಿ, ಒಂದು ಲೋಟ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿ 45 ನಿಮಿಷದಿಂದ ಒಂದು ಗಂಟೆ ಬೇಯಿಸಿ. ಚರ್ಮಕ್ಕೆ ಬೆರಳುಗುರು ಸುಲಭವಾಗಿ ಇಳಿಯಬೇಕು.

ಅಷ್ಟರಲ್ಲಿ ಮಸಾಲೆ: 2 ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೂವರೆ ದೊಡ್ಡ ಚಮಚ ಕರಿಮೆಣಸು, 1 ದೊಡ್ಡ ಚಮಚ ಜೀರಿಗೆ, 1 ಚಿಕ್ಕ ಚಮಚ ಸಾಸಿವೆ, ಕಾಲು ಚಿಕ್ಕ ಚಮಚ ಮೆಂತ್ಯ. ಒಂದೊಂದನ್ನೂ ಬೇರೆಯಾಗಿ ಹುರಿದು, ಆಮೇಲೆ ಒಟ್ಟಿಗೆ ಪುಡಿ ಮಾಡಿ. ಕೊತ್ತಂಬರಿ, ಜೀರಿಗೆ ಕಾಫಿಪುಡಿಯ ಬಣ್ಣಕ್ಕೆ ಬರುವ ತನಕ ಬಾಣಲೆಯಲ್ಲಿರಬೇಕು, ಮೆಂತ್ಯವನ್ನು ಕೆಂಪಾದ ಕೂಡಲೇ ತೆಗೆಯಬೇಕು. ಒಟ್ಟಿಗೆ ಹುರಿದರೆ ಕೊತ್ತಂಬರಿ ಕಪ್ಪಾಗುವಷ್ಟರಲ್ಲಿ ಮೆಂತ್ಯ ಸುಟ್ಟು ಇಡೀ ಪಾತ್ರೆ ಕಹಿ. ಕರಿಯ ಬಣ್ಣ ಬರುವುದು ಬಹುಪಾಲು ಈ ಹುರಿತದಿಂದ. ಬಣ್ಣ ಸಾಲದೆಂದು ಕಾಚಂಪುಳಿ ಹೆಚ್ಚಿಸುವುದು ತಪ್ಪು ದಾರಿ.

ಮಾಂಸ ಪೂರ್ತಿ ಬೆಂದ ಮೇಲೆಯೇ ಹುಳಿ. ಗಟ್ಟಿ ಕಾಚಂಪುಳಿಯಾದರೆ 1 ದೊಡ್ಡ ಚಮಚದಿಂದ ಶುರು ಮಾಡಿ, ಮಸಾಲೆ ಪುಡಿಯ ಜೊತೆಗೇ ಹಾಕಿ ಹತ್ತು ನಿಮಿಷ ಕುದಿಸಿ, ರುಚಿ ನೋಡಿ, ಬೇಕಿದ್ದರೆ ಇನ್ನರ್ಧ. ತೆಳ್ಳನೆಯದಾದರೆ 2-3 ಚಮಚ ಹಿಡಿಯುತ್ತದೆ. ಮೊದಲೇ ಹಾಕಿದರೆ ಈರುಳ್ಳಿ ಕರಗದೆ ಚೂರು ಚೂರಾಗಿ ಉಳಿಯುತ್ತದೆ. ಹುಳಿ ಮೀರಿತೆಂದು ಬೆಲ್ಲ ಹಾಕಬೇಡಿ, ಸಿಹಿ ಎದ್ದು ಕಾಣುತ್ತದೆ. ಬೇಯಿಸಿದ ಮಾಂಸವನ್ನೋ ಕರಗಿದ ಕೊಬ್ಬನ್ನೋ ಇನ್ನಷ್ಟು ಸೇರಿಸಿ ಸರಿದೂಗಿಸಿ. ಅಂದೇ ಬಡಿಸುವುದಕ್ಕಿಂತ ಮರುದಿನ ಕಾಯಿಸಿ, ಕಡಂಬುಟ್ಟು (ಅಕ್ಕಿ ಕಡುಬು) ಅಥವಾ ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿ) ಜೊತೆ ಕೊಟ್ಟರೆ ಹುಳಿ ತುಂಡಿನೊಳಗೆ ಇಳಿದಿರುತ್ತದೆ.

ಕಾಚಂಪುಳಿಗೆ ಬದಲಿ ಏನು ಎಂದು ಕೇಳುವವರು ಬಹಳ. ಹುಣಸೆ ಹಾಕಿದರೆ ಸಾರಿನ ರುಚಿ ಬರುತ್ತದೆ. ನಿಂಬೆಯ ಹುಳಿ ಮೇಲೆ ಮೇಲೆ ತೇಲುತ್ತದೆ, ಎರಡನೇ ದಿನಕ್ಕೆ ಸಪ್ಪೆ; ಆದರೆ ಸಕಲೇಶಪುರ, ಮೂಡಿಗೆರೆ ಕಡೆಯ ಹಂದಿ ಸಾರು-ಕಡುಬಿಗೆ, ಅಂದೇ ಮಾಡಿ ಅಂದೇ ಉಣ್ಣುವಾಗ, ಕೊನೆಗೆ ಹಿಂಡಿದ ನಿಂಬೆಯೇ ಚೆಂದ. ಮಂಗಳೂರು ಕ್ರೈಸ್ತರ ದುಕ್ರಾ ಮಾಸ್ (ಹಂದಿ ಮಾಂಸ) ಬಫಾತ್ ಎಂಬ ಮಸಾಲೆ ಪುಡಿಯ ಕೆಂಪು ಅಡುಗೆ. ಅದಕ್ಕೆ ಹುಣಸೆಯೋ ವಿನೆಗರೋ ಸರಿ, ಪಕ್ಕದಲ್ಲಿ ಇಡ್ಲಿಯಂಥ ಸಣ್ಣಾ ಇದ್ದರಾಯಿತು. ಗೋವೆಯ ಹಂದಿ ಅಡುಗೆ ಸೋರ್ಪೊಟೆಲ್‌ಗೆ ಕಳ್ಳಿನ ವಿನೆಗರೇ ಆಗಬೇಕು. ನಾಗಾಲ್ಯಾಂಡಿನಲ್ಲಿ ಹೊಗೆಗಟ್ಟಿದ ಹಂದಿಗೆ ಹುದುಗಿಸಿದ ಕಳಲೆ ಹುಳಿ ಕೊಡುತ್ತದೆ. ಈ ಯಾವ ಪಾತ್ರೆಗೂ ಕಾಚಂಪುಳಿ ಸುರಿಯಬೇಡಿ; ಬಫಾತಿಗೆ ಹಾಕಿದರೆ ಬ್ಯಾಡಗಿ ಮೆಣಸಿನ ಕೆಂಪು ಹೋಗಿ ಮಣ್ಣಿನ ಬಣ್ಣ ಬರುತ್ತದೆ. ಕೊಡಗಿನ ಪಾತ್ರೆಯ ಹೊರಗೆ ಇದು ಚೆನ್ನಾಗಿ ಒಗ್ಗುವುದು ಮೀನಿಗೆ: ಅರ್ಧ ಕಿಲೋ ಬಂಗುಡೆಗೆ ಒಂದು ಚಿಕ್ಕ ಚಮಚ, ಕಾಳುಮೆಣಸಿನ ಜೊತೆ ಸವರಿ ಕಾವಲಿಯ ಮೇಲೆ ಹುರಿಯುವುದು.

ಇಡುವುದಕ್ಕೆ ಗಾಜಿನ ಬಾಟಲಿ, ಪ್ಲಾಸ್ಟಿಕ್ ಇಲ್ಲವೇ ಕಾರ್ಕ್ ಮುಚ್ಚಳ, ಒಣ ಚಮಚ. ವರ್ಷ ಕಳೆದಂತೆ ಇನ್ನೂ ಗಟ್ಟಿಯಾದರೆ ಬಾಟಲಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ, ಸುರಿಯಲು ಬರುತ್ತದೆ. ಒಳಗೆ ನೀರು ಬೆರೆಸಬೇಡಿ. ತಿಂಗಳಿಗೆ ಎರಡು ಸಲ ಪಂದಿ ಕರಿ ಮಾಡುವ ಮನೆಗೆ ಸುಮಾರು ಅರ್ಧ ಲೀಟರ್ ವರ್ಷಕ್ಕಾಗುತ್ತದೆ. ಮಳೆಗಾಲ ಮುಗಿದ ಮೇಲೆ, ಸೆಪ್ಟೆಂಬರ್‌ನಿಂದಾಚೆಗೆ ಕೊಂಡರೆ ಆ ವರ್ಷದ ಸರಕು ಸಿಗುತ್ತದೆ. ಅಂಗಡಿಯವರನ್ನು ಕೇಳಬೇಕಾದ್ದು ಎರಡೇ: ಯಾವ ಮಳೆಗಾಲದ್ದು, ಯಾವ ಊರಿನ ತೋಟದ್ದು. ಕಾಯಿಸಿದವರಿಂದಲೇ ತರಿಸಿದವರು ಎರಡಕ್ಕೂ ತಡವರಿಸದೆ ಉತ್ತರಿಸುತ್ತಾರೆ.