ಒಪ್ಪಿಗೆ ಕೊಟ್ಟ ಮೇಲೆ ಒಂದು ಸಾಲು ಬದಲಾದರೂ ಪ್ರೂಫ್ ಮತ್ತೆ ನೋಡಿ

ಕೊಪ್ಪಳದ ಸಮೀಪದ ಕಿನ್ನಾಳದ ಗೊಂಬೆಗಳನ್ನು ಕುರಿತು ಇಪ್ಪತ್ನಾಲ್ಕು ಪುಟಗಳ ಬಣ್ಣದ ಕಿರುಹೊತ್ತಿಗೆಯೊಂದನ್ನು ನಾನು ಸ್ವಂತ ಖರ್ಚಿನಲ್ಲಿ ಮುದ್ರಿಸಿದೆ. ಬೇರೆ ಊರಿನ ಆಫ್‌ಸೆಟ್ ಮುದ್ರಣಾಲಯದಿಂದ 500 ಪ್ರತಿಗಳು ಬಸ್ಸಿನಲ್ಲಿ ಬಂದಿಳಿದವು. ಮೊದಲ ಬಂಡಲ್ ಬಿಚ್ಚಿದಾಗ ಮುಖಪುಟದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಕಿನ್‌ನಾಳ’ ಎಂದಿತ್ತು. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತು, ಊರಿನ ಹೆಸರೇ ಮುರಿದು ಹೋಗಿತ್ತು.

ನಾನು ಕಳುಹಿಸಿದ ಪಿಡಿಎಫ್‌ನಲ್ಲಿ ಹೆಸರು ಸರಿಯಾಗಿತ್ತು. ಅಚ್ಚಿಗೆ ಮುನ್ನ ಮಾದರಿಯಾಗಿ ಮುದ್ರಣಾಲಯದವರು ತೋರಿಸಿದ ಪ್ರೂಫ್‌ನಲ್ಲೂ ಸರಿಯಾಗಿತ್ತು. ಒಪ್ಪಿಗೆ ಕೊಟ್ಟ ಮರುದಿನ, ಹಿಂಬದಿ ರಕ್ಷಾಪುಟದಲ್ಲಿ ಬೆಲೆ ಬಿಟ್ಟುಹೋಗಿದೆ ಎಂದು ನೆನಪಾಗಿ, ಆ ಒಂದು ಸಾಲನ್ನು ಸೇರಿಸಿಬಿಡಿ ಎಂದು ಫೋನಿನಲ್ಲಿ ಹೇಳಿದೆ. ಅವರು ನನ್ನ ಪಿಡಿಎಫ್ ಅನ್ನು ತಮ್ಮಲ್ಲಿದ್ದ ಹಳೆಯ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ತೆರೆದು, ಬೆಲೆ ಸೇರಿಸಿ, ನೇರವಾಗಿ ಅಚ್ಚಿನ ಪ್ಲೇಟಿಗೆ ಕಳುಹಿಸಿದರು. ಎರಡನೆಯ ಪ್ರೂಫ್ ಅನ್ನು ನಾನು ಕೇಳಲಿಲ್ಲ, ಅವರು ಕಳುಹಿಸಲೂ ಇಲ್ಲ. ಮುಖಪುಟದ ನಷ್ಟದ ಮೂಲ ಇದು.

ಯುನಿಕೋಡ್ ಕನ್ನಡದಲ್ಲಿ ‘ನ್ನಾ’ ಎಂಬುದು ಕಡತದೊಳಗೆ ಒಂದೇ ಅಕ್ಷರವಾಗಿ ಇರುವುದಿಲ್ಲ. ನಕಾರ, ಹಲಂತದ ಚಿಹ್ನೆ, ಇನ್ನೊಂದು ನಕಾರ, ದೀರ್ಘದ ಚಿಹ್ನೆ ಹೀಗೆ ನಾಲ್ಕು ಸಂಕೇತಗಳು ಸಾಲಾಗಿರುತ್ತವೆ. ಅವನ್ನು ಕೂಡಿಸಿ ಒತ್ತನ್ನು ಕೆಳಗಿಳಿಸುವ ಕೆಲಸವನ್ನು ಫಾಂಟ್ ಮತ್ತು ತಂತ್ರಾಂಶ ಎರಡೂ ಸೇರಿ ಮಾಡಬೇಕು. ಹಳೆಯ ತಂತ್ರಾಂಶಗಳಿಗೆ ಅದು ಬರುವುದಿಲ್ಲ. ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳು ಇಂದಿಗೂ ನುಡಿ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ, ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಬರಹ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವವರು ಕೂಡ ಅದರ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಬಳಸದಿದ್ದರೆ ಒತ್ತಕ್ಷರಗಳು ಒಡೆಯುತ್ತವೆ. ಆದ್ದರಿಂದ ಕರಡು ತಿದ್ದುವುದು ಪೂರ್ತಿ ಮುಗಿದ ಮೇಲೆ, ತಿದ್ದಬಹುದಾದ ಮೂಲ ಕಡತವನ್ನು ನಿಮ್ಮ ಬಳಿ ಉಳಿಸಿಕೊಂಡು, ಅದರ ಪ್ರತಿಯೊಂದರಲ್ಲಿ ಎಲ್ಲ ಅಕ್ಷರಗಳನ್ನೂ ಕರ್ವ್ಸ್‌ಗೆ ಬದಲಾಯಿಸಿ ಅದನ್ನೇ ಮುದ್ರಣಕ್ಕೆ ಕೊಡಿ. ಆಗ ಅಕ್ಷರ ಬರಿಯ ಆಕೃತಿಯಾಗುವುದರಿಂದ ಫಾಂಟ್ ಇಲ್ಲವೆಂದು ಒಡೆಯುವ ಪ್ರಶ್ನೆಯೇ ಬರುವುದಿಲ್ಲ. ತಿದ್ದುಪಡಿ ಬಂದರೆ ಮೂಲವನ್ನು ನೀವೇ ತಿದ್ದಿ ಹೊಸ ಕಡತ ಕಳುಹಿಸಿ, ಫೋನಿನಲ್ಲಿ ಹೇಳಬೇಡಿ.

ಒಳಪುಟಗಳ ವ್ಯಥೆ ಬೇರೆ. ಪರದೆ ಕೆಂಪು, ಹಸಿರು, ನೀಲಿ (ಆರ್‌ಜಿಬಿ) ಬೆಳಕಿನಿಂದ ಬಣ್ಣ ತೋರಿಸುತ್ತದೆ. ಸಾಮಾನ್ಯ ಬಣ್ಣದ ಅಚ್ಚಿನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು (ಸಿಎಂವೈಕೆ) ಎಂಬ ನಾಲ್ಕು ಶಾಯಿಗಳಷ್ಟೇ ಇರುತ್ತವೆ. ಪರದೆಯ ಮೇಲೆ ಮಿಂಚುವ ಹಸಿರು ಮತ್ತು ಕಿತ್ತಳೆಗಳಲ್ಲಿ ಹಲವು ಈ ನಾಲ್ಕು ಶಾಯಿಗಳ ಎಟುಕಿಗೆ ಸಿಗುವುದಿಲ್ಲ. ನಾನು ಆರ್‌ಜಿಬಿಯಲ್ಲಿದ್ದ ಫೋಟೋಗಳನ್ನು ಹಾಗೆಯೇ ಕೊಟ್ಟಿದ್ದೆ. ಯಂತ್ರ ತನಗೆ ತಿಳಿದಂತೆ ಬದಲಾಯಿಸಿಕೊಂಡಿತು. ಗಿಳಿ ಗೊಂಬೆಯ ಹಸಿರು ಬಾಡಿದ ಬೇವಿನೆಲೆಯಂತಾಯಿತು. ತವರದಿಂದ ತಯಾರಿಸುವ ಲಾಜವಾರ ಎಂಬ ಲೇಪದ ಹೊಳಪು ಬರಿಯ ಬೂದು ಬಣ್ಣವಾಗಿ ಕುಳಿತಿತು. ಲೋಹದ ಹೊಳಪು ಬೇಕಾದರೆ ಅದಕ್ಕೆಂದೇ ಪ್ರತ್ಯೇಕ ಶಾಯಿ ಹಾಕಿಸಬೇಕೆಂದು ನನಗೆ ಆಮೇಲೆ ತಿಳಿಯಿತು. ಗೊಂಬೆ ಮಾಡಿದ ಹಿರಿಯ ಚಿತ್ರಗಾರರು ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, “ಈ ಬಣ್ಣ ನಮ್ದಲ್ರಿ” ಎಂದರು. ಮರದ ಕೊರೆತದಿಂದ ಹಿಡಿದು ಹುಣಸೆಬೀಜದ ಅಂಟಿನವರೆಗೆ ಎಲ್ಲವನ್ನೂ ದಿನವಿಡೀ ಕುಳಿತು ನನಗೆ ವಿವರಿಸಿದವರು ಅವರು. ಆ ಮಾತಿನ ಮುಂದೆ ನನ್ನ ಖರ್ಚಿನ ಲೆಕ್ಕ ದೊಡ್ಡದೆನಿಸಲಿಲ್ಲ.

ಚಿತ್ರಗಳ ಕೆಳಗಿನ ಸಣ್ಣ ಬರಹದಲ್ಲೂ ತಪ್ಪಾಗಿತ್ತು. ಕಪ್ಪು ಅಕ್ಷರವನ್ನು ಕಪ್ಪು ಶಾಯಿಯೊಂದರಲ್ಲೇ, ಅಂದರೆ ಕಪ್ಪು ಶೇಕಡಾ 100, ಉಳಿದ ಮೂರೂ ಸೊನ್ನೆ ಎಂದು ಇಡಬೇಕು. ನನ್ನ ಕಡತದಲ್ಲಿ ಅದು ನಾಲ್ಕೂ ಶಾಯಿಗಳ ಮಿಶ್ರಣವಾಗಿತ್ತು. ಪ್ಲೇಟುಗಳು ಕೂದಲೆಳೆಯಷ್ಟು ಜರುಗಿದ್ದರಿಂದ ಅಕ್ಷರಗಳಿಗೆ ಕೆಂಪು ನೆರಳು ಬಂದು, ‘ಪ’ ಯಾವುದು ‘ಷ’ ಯಾವುದು ಎಂದು ಕಣ್ಣು ಕಿರಿದಾಗಿಸಿ ಓದಬೇಕಾಯಿತು. ಅಂಚಿನವರೆಗೆ ಹಬ್ಬಿದ ಚಿತ್ರಗಳಿಗೆ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡದಿದ್ದುದರಿಂದ ಕಟಿಂಗ್ ಆದಾಗ ಕೆಲವು ಪುಟಗಳಲ್ಲಿ ಬಿಳಿ ಗೆರೆ ಉಳಿಯಿತು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ತರಿಸಿಕೊಂಡಿದ್ದ ಎರಡು ಚಿತ್ರಗಳಂತೂ ಮಸುಕಾದವು: 4 ಇಂಚು ಅಗಲಕ್ಕೆ ಅಚ್ಚಾಗುವ ಚಿತ್ರಕ್ಕೆ ಇಂಚಿಗೆ 300 ಚುಕ್ಕಿಗಳ (300 ಡಿಪಿಐ) ಲೆಕ್ಕದಲ್ಲಿ 1200 ಪಿಕ್ಸೆಲ್ ಬೇಕು, ಆ್ಯಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ತರಿಸಿಕೊಂಡರೆ ಮೂಲ ಹಾಗೆಯೇ ಬರುತ್ತದೆ.

ಮುಖಪುಟವನ್ನು ಮತ್ತೆ ಅಚ್ಚು ಹಾಕಲು ಮುದ್ರಣಾಲಯದವರು ಒಪ್ಪಿದರು. ಕಾಗದದ ವೆಚ್ಚ ನನ್ನದು, ಪ್ಲೇಟು ಮತ್ತು ಅಚ್ಚಿನದು ಅವರದು ಎಂದು ತೀರ್ಮಾನವಾಯಿತು. ಈ ಸಲ ಬೆಲೆಯನ್ನು ನಾನೇ ಸೇರಿಸಿ, ಅಕ್ಷರಗಳನ್ನು ಕರ್ವ್ಸ್ ಮಾಡಿ, ಕಡತವನ್ನು ಸಿಎಂವೈಕೆಯಲ್ಲಿ ಕೊಟ್ಟು, ಕಾಗದದ ಮೇಲಿನ ಬಣ್ಣದ ಪ್ರೂಫ್ ಕೇಳಿದೆ. ಗೊಂಬೆಯನ್ನೇ ಜೊತೆಗೆ ಒಯ್ದು, ಹಗಲು ಬೆಳಕಿನಲ್ಲಿ ಪ್ರೂಫಿನ ಪಕ್ಕಕ್ಕಿಟ್ಟು ಹೋಲಿಸಿ, ‘ಇದರ ನಂತರ ಬದಲಾವಣೆ ಇಲ್ಲ’ ಎಂದು ಆ ಹಾಳೆಯ ಮೇಲೆಯೇ ಬರೆದು, ದಿನಾಂಕ ಹಾಕಿ ಸಹಿ ಮಾಡಿದೆ. ಒಳಪುಟಗಳನ್ನು ಮತ್ತೆ ಹಾಕಿಸುವ ಶಕ್ತಿ ನನಗಿರಲಿಲ್ಲ. ಸರಿಯಾದ ಹೆಸರಿನ ಹೊಸ ಮುಖಪುಟದೊಳಗೆ ಆ ಬಾಡಿದ ಗಿಳಿಯೇ ಇದೆ.