ಮನೆಗೇ ಬಂದು ಮಾಡುವ ಆಯುರ್ವೇದ ಬಾಣಂತನ: ಎರಡು ವರ್ಷ ಕಳೆದ ಮೇಲೆ ಬರೆದ ವಿಮರ್ಶೆ

ಬಾಣಂತನದ ಪ್ಯಾಕೇಜ್‌ಗಳ ಬಗ್ಗೆ ಜಾಸ್ತಿ ಜನ ಕೊನೆಯ ದಿನವೇ ಬರೆದುಬಿಡುತ್ತಾರೆ. ಆಗ ಮೈ ಹಗುರ ಇರುತ್ತದೆ, ದಿನಾ ಬರುತ್ತಿದ್ದ ಅಕ್ಕ ನಾಳೆಯಿಂದ ಬರಲ್ಲ ಅಂತ ಬೇಜಾರೂ ಆಗಿರುತ್ತದೆ, ಐದು ಸ್ಟಾರ್ ಬಿದ್ದುಬಿಡುತ್ತದೆ. ನಾನು ಬೇಕೆಂದೇ ಕಾದೆ. ಮಗಳಿಗೆ ಈಗ ಎರಡು ವರ್ಷ. ಕೊಟ್ಟ ದುಡ್ಡಿನಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ ದಂಡ ಅಂತ ಈಗ ಧೈರ್ಯವಾಗಿ ಹೇಳಬಹುದು. ಸಂಸ್ಥೆಯ ಹೆಸರು ಹಾಕುವುದಿಲ್ಲ. ಬೆಂಗಳೂರಿನಲ್ಲಿ ಇಂಥವು ಬೇಕಾದಷ್ಟಿವೆ, ಪ್ಯಾಕೇಜೂ ಹೆಚ್ಚುಕಡಿಮೆ ಒಂದೇ ಥರ.

ನಮ್ಮದು ಸಿಸೇರಿಯನ್. ಅಮ್ಮನಿಗೆ ಮಂಡಿನೋವು, ಕೆಳಗೆ ಕೂತು ಮಗುವಿಗೆ ಎರೆಯುವುದು ಅವರಿಂದ ಆಗದ ಮಾತು. ಅತ್ತೆ ತೀರ್ಥಹಳ್ಳಿಯಿಂದ ಬಂದಿದ್ದರೂ ಅಡಿಗೆ ಮನೆ ಬಿಟ್ಟು ಆಚೆ ಬರಲು ಪುರುಸೊತ್ತಿರಲಿಲ್ಲ. ಹಾಗಾಗಿ ನಲವತ್ತು ದಿನದ ಪ್ಯಾಕೇಜ್ ಹಿಡಿದೆವು. ತಾಯಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿನೀರಿನ ಸ್ನಾನ, ಹೊಟ್ಟೆಗೆ ಬಟ್ಟೆ ಕಟ್ಟುವುದು, ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದು, ಕೊನೆಗೆ ಸಾಂಬ್ರಾಣಿ ಹೊಗೆ. ಇದರ ಜೊತೆಗೆ 'ಕಿಟ್' ಅಂತ ಒಂದು ಪೆಟ್ಟಿಗೆ ತುಂಬ ಬಾಟಲಿಗಳು.

ಮೊದಲು ಹೇಳಬೇಕಾದ ಒಳ್ಳೆಯದು. ದುಡ್ಡು ತಗೊಳ್ಳುವ ಮುಂಚೆ ಅವರ ವೈದ್ಯೆ ಫೋನ್ ಮಾಡಿ ಬಿಪಿ, ಥೈರಾಯ್ಡ್, ಹೊಲಿಗೆ ಎಲ್ಲ ವಿಚಾರಿಸಿದರು. ಹೆರಿಗೆ ಮಾಡಿಸಿದ ಡಾಕ್ಟರ್ ಒಪ್ಪುವ ತನಕ ಶುರು ಮಾಡಲ್ಲ ಅಂದರು. ನಮ್ಮ ಡಾಕ್ಟರ್ ಮೂರು ವಾರ ಕಳೆಯಲಿ, ಗಾಯದ ಸುತ್ತ ಮುಟ್ಟುವುದು ಬೇಡ ಅಂದರು, ಹಾಗೇ ಆಯಿತು. ನಿಮಗೆ ಸಿಸೇರಿಯನ್ ಆಗಿದ್ದು, ಯಾರಾದರೂ ಐದನೇ ದಿನಕ್ಕೇ ಹೊಟ್ಟೆ ತಿಕ್ಕಲು ಬರುತ್ತೇವೆ ಅಂದರೆ ಅಲ್ಲಿಗೇ ಕೈಬಿಡಿ.

ಬರುತ್ತಿದ್ದವರು ಹಾಸನದ ಕಡೆಯ ಒಬ್ಬ ಅಕ್ಕ. ಮಾತು ಕಮ್ಮಿ, ಕೈ ಗಟ್ಟಿ. ಧಾನ್ವಂತರ ತೈಲವನ್ನು ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಪಾದದಿಂದ ಶುರು ಮಾಡಿ ಸೊಂಟ, ಬೆನ್ನು, ಭುಜ ಅಂತ ಮೇಲೆ ಬರುತ್ತಿದ್ದರು. ಎಳ್ಳೆಣ್ಣೆಗೆ ಬಲಾ ಬೇರಿನ ಕಷಾಯ, ಹಾಲು, ಇನ್ನೂ ಏನೇನೋ ಹಾಕಿ ಕಾಯಿಸಿದ ಎಣ್ಣೆ ಅದು. ವಾಸನೆ ಮನೆ ತುಂಬುತ್ತದೆ, ದಿಂಬಿನಿಂದ ಇವತ್ತಿಗೂ ಹೋಗಿಲ್ಲ. ಆದರೆ ರಾತ್ರಿಯಿಡೀ ಹಾಲೂಡಿಸಿ ಭುಜ ಕಲ್ಲಾಗಿರುವಾಗ ಬೆಳಗ್ಗೆ ಒಂದು ಗಂಟೆ ಇನ್ನೊಬ್ಬರ ಕೈಗೆ ಮೈ ಕೊಟ್ಟು ಮಲಗುವುದಿದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಆಮೇಲೆ ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರು. ಸ್ನಾನ ಆಗಿ ಮಲಗಿದರೆ ಎರಡು ಗಂಟೆ ಸತ್ತ ಹಾಗೆ ನಿದ್ದೆ. ಇಡೀ ದಿನದಲ್ಲಿ ಸಿಗುತ್ತಿದ್ದ ಗಟ್ಟಿ ನಿದ್ದೆ ಅದೊಂದೇ. ಇದು ಎಣ್ಣೆಯ ಗುಣವೋ, ಕೈಗುಣವೋ, ಅಷ್ಟು ಹೊತ್ತು ಮಗುವನ್ನು ಬೇರೆಯವರು ನೋಡಿಕೊಂಡರು ಅನ್ನುವುದರ ಗುಣವೋ? ನನ್ನ ಕೇಳಿದರೆ ಕೊನೆಯದಕ್ಕೇ ಜಾಸ್ತಿ ಅಂಕ.

ಒಂದು ದಿನ ನನ್ನ ಎಡಗಾಲು ಬಲಗಾಲಿಗಿಂತ ಊದಿತ್ತು, ಮೀನಖಂಡ ಮುಟ್ಟಿದರೆ ನೋವು. ಅಕ್ಕ ಎಣ್ಣೆಯ ಬಟ್ಟಲು ಕೆಳಗಿಟ್ಟು, "ಇವತ್ತು ಕಾಲು ಮುಟ್ಟಲ್ಲ ಕಣಮ್ಮ, ಮೊದಲು ಆಸ್ಪತ್ರೆಗೆ ಹೋಗಿ ಬಾ" ಅಂದುಬಿಟ್ಟರು. ಹೆರಿಗೆಯಾದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಅಂಥ ಕಾಲನ್ನು ತಿಕ್ಕಿದರೆ ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ, ದೇವರು ದೊಡ್ಡವನು. ಆದರೆ ಆ ಅಕ್ಕನಿಗೆ ಯಾರೋ ಸರಿಯಾಗಿ ಹೇಳಿಕೊಟ್ಟಿದ್ದಾರೆ ಅಂತ ಅವತ್ತು ಗೊತ್ತಾಯಿತು.

ಅದೇ ಸಂಸ್ಥೆ ಅಕ್ಕ ರಜೆ ಹಾಕಿದಾಗ ಕಳಿಸಿದ ಬದಲಿ ಹೆಂಗಸಿನ ಕಥೆ ಕೇಳಿ. ಮಗುವನ್ನು ಕಾಲ ಮೇಲೆ ಹಾಕಿಕೊಂಡವರೇ ಮೂಗು ತೀಡಿದರು, ತಲೆ ಒತ್ತಿದರು, ಮೂಗಿಗೆ ಎರಡು ಹನಿ ಎಣ್ಣೆ ಬಿಡಲು ಹೋದರು, ಆಮೇಲೆ ಮಗುವಿನ ಎದೆ ಹಿಂಡಿ 'ಹಾಲು ತೆಗೀಬೇಕು' ಅಂದರು! ಹುಟ್ಟಿದ ಮಕ್ಕಳ ಎದೆ ತಾಯಿಯ ಹಾರ್ಮೋನಿನಿಂದ ಸ್ವಲ್ಪ ಊದಿರುತ್ತದೆ, ಗಂಡಾಗಲಿ ಹೆಣ್ಣಾಗಲಿ, ತಾನಾಗಿಯೇ ಇಳಿಯುತ್ತದೆ. ಹಿಂಡಿದರೆ ಕೀವಾಗಬಹುದು. ಎಣ್ಣೆ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದರೆ ಅದು ಬೇರೆ ತಲೆನೋವು. ನಾನು ಮಗುವನ್ನು ಎತ್ತಿಕೊಂಡು ಬಂದೆ, ಗಂಡ ಅವತ್ತೇ ಫೋನ್ ಮಾಡಿ ಕೂಗಾಡಿದರು. ಕ್ಷಮೆ ಕೇಳಿದರು, ಆ ದಿನದ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಸಂಸ್ಥೆ ನೋಡಿ ದುಡ್ಡು ಕೊಡುತ್ತೇವೆ, ಆದರೆ ಬಾಗಿಲಿಗೆ ಬರುವುದು ಒಬ್ಬ ಮನುಷ್ಯ. ಯಾರು ಬರುತ್ತಾರೆ, ಅವರು ರಜೆ ಹಾಕಿದರೆ ಯಾರು ಬರುತ್ತಾರೆ ಅಂತ ಹೆಸರು ಸಮೇತ ಕೇಳಿಕೊಳ್ಳಿ. ಬದಲಿಯವರು ಬಂದ ದಿನ ನಿಮಗೆ ಎಣ್ಣೆಸ್ನಾನ ಸಾಕು, ಮಗುವಿಗೆ ಬೇಡ ಅಂತ ಹೇಳುವ ಹಕ್ಕು ನಿಮಗಿದೆ.

ಇನ್ನು ಆ ಪೆಟ್ಟಿಗೆ. ದಶಮೂಲಾರಿಷ್ಟ, ಜೀರಕಾರಿಷ್ಟ, ಶತಾವರಿ ಪುಡಿ, ಲೇಹ್ಯ, ಮಗುವಿಗೆ ಎಣ್ಣೆ, ಘುಟ್ಟಿ (ಮಗುವಿಗೆ ನೆಕ್ಕಿಸುವ ಮದ್ದು), ಜೇನು, ಕಾಡಿಗೆ. ದಶಮೂಲ ಅಂದರೆ ಬಿಲ್ವ, ಶಿವನೆ, ನೆಲಗುಳ್ಳ, ನೆಗ್ಗಿಲು ಹೀಗೆ ಹತ್ತು ಗಿಡದ ಬೇರು, ಹೆಸರೇನೋ ಚೆನ್ನಾಗಿದೆ. ಆದರೆ ಅರಿಷ್ಟ ಅಂದರೆ ಹುಳಿಬರಿಸಿದ ಔಷಧಿ, ಬಾಟಲಿ ಮೇಲೆಯೇ 5ರಿಂದ 10 ಶೇಕಡಾ ಆಲ್ಕೋಹಾಲ್ ತಾನಾಗಿ ಉತ್ಪತ್ತಿಯಾಗಿರುತ್ತದೆ ಅಂತ ಬರೆದಿರುತ್ತದೆ. ಹಾಲೂಡಿಸುವ ತಾಯಿ ಇದನ್ನು ದಿನಕ್ಕೆರಡು ಸಲ ಕುಡಿಯಬೇಕಾ ಬೇಡವಾ ಅನ್ನುವುದನ್ನು ವೈದ್ಯರು ನಿಮ್ಮನ್ನು ನೋಡಿ ಹೇಳಬೇಕು, ಪ್ಯಾಕೇಜ್ ಹೇಳುವುದಲ್ಲ. ನಾನು ಕುಡಿಯಲಿಲ್ಲ. ಘುಟ್ಟಿ ಮತ್ತು ಜೇನು ಸೀದಾ ಕಸಕ್ಕೆ: ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಜೇನಂತೂ ಬೊಟುಲಿಸಂ ಅನ್ನುವ ವಿಷಬಾಧೆಯ ಅಪಾಯ ಇರುವುದರಿಂದ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬಾರದು. ಕಾಡಿಗೆಯಲ್ಲಿ ಸೀಸ ಇರುತ್ತದೋ ಇಲ್ಲವೋ ಅಂತ ನೋಡಿ ಹೇಳಲು ಆಗಲ್ಲ, ಹಾಗಾಗಿ ಅದೂ ಔಟ್. ಅತ್ತೆಗೆ ದೃಷ್ಟಿಯ ಚಿಂತೆ, ಅದಕ್ಕೆ ಅಂಗಾಲಿಗೆ ಒಂದು ಚುಕ್ಕೆ ಇಡಿ ಅಂದೆ, ರಾಜಿ ಆಯಿತು. ಸಾಂಬ್ರಾಣಿಯನ್ನೂ ಮಗು ಇಲ್ಲದ ಕೋಣೆಗೆ ಕಳಿಸಿದೆವು. ಎಳೇ ಶ್ವಾಸಕೋಶಕ್ಕೆ ಹೊಗೆ ಯಾಕೆ ಅಲ್ವಾ.

ಎಣ್ಣೆಯನ್ನೂ ಎರಡನೇ ವಾರದಿಂದ ನಾವೇ ತಂದೆವು. ಅವರು ಕೊಟ್ಟ ಬಾಟಲಿ ಮೇಲೆ ತಯಾರಿಸಿದವರ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ತಾರೀಖಿಲ್ಲ. ಕೊಟ್ಟಕ್ಕಲ್ ಆರ್ಯ ವೈದ್ಯ ಶಾಲೆಯ ಅಂಗಡಿಯಲ್ಲಿ ಅದೇ ತೈಲ ಲೇಬಲ್ ಸಮೇತ ಸಿಗುತ್ತದೆ, ಅಕ್ಕನೂ ಬೇಡ ಅನ್ನಲಿಲ್ಲ. ಮಗುವಿಗೆ ಬರೀ ಕೊಬ್ಬರಿ ಎಣ್ಣೆ.

ಊಟದ ಚಾರ್ಟ್ ಅಂತ ಒಂದು ಹಾಳೆ ಕೊಟ್ಟಿದ್ದರು. ಅತ್ತೆ ಅದನ್ನು ಓದಿ ನಕ್ಕರು. ಮೆಣಸಿನ ಸಾರು, ತುಪ್ಪ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಅಂಟಿನುಂಡೆ: ಇದನ್ನು ಅವರಿಗೆ ಯಾರು ಹೇಳಿಕೊಡಬೇಕು? ಆದರೆ ನೀರು ಕಮ್ಮಿ ಕುಡಿ ಅನ್ನುವ ಸಾಲು ಚಾರ್ಟಿನಲ್ಲೂ ಇತ್ತು, ಅತ್ತೆಯ ಬಾಯಲ್ಲೂ ಇತ್ತು. ಅದನ್ನು ಕೇಳಲಿಲ್ಲ. ಹಾಲೂಡಿಸುವವರಿಗೆ ಬಾಯಾರಿಕೆ ಜಾಸ್ತಿ, ನೀರು ಬಿಟ್ಟರೆ ಮಲಬದ್ಧತೆ, ಹೊಲಿಗೆ ಇದ್ದವರಿಗೆ ಅದು ನರಕ.

ಈಗ ಎರಡು ವರ್ಷದ ಲೆಕ್ಕ. ಹೊಟ್ಟೆ ಕಟ್ಟಿದ್ದರಿಂದ ಹೊಟ್ಟೆ ಕರಗಲಿಲ್ಲ. ಚರಕ ಸಂಹಿತೆಯಲ್ಲೂ ಬಟ್ಟೆ ಸುತ್ತಲು ಹೇಳಿರುವುದು ವಾತ ಸೇರದಿರಲಿ ಅಂತ, ತೆಳ್ಳಗಾಗಲಿ ಅಂತಲ್ಲ. ಕಟ್ಟಿದಾಗ ಏಳಲು ಕೂರಲು ಆಸರೆ ಸಿಕ್ಕಿತು, ಅಷ್ಟೇ. ಬಾಣಂತನ ಸರಿಯಾದರೆ ಮುಂದೆ ಸೊಂಟನೋವು ಬರಲ್ಲ ಅನ್ನುತ್ತಾರೆ. ನನಗೆ ಬಂತು, ಹತ್ತು ಕೆಜಿ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗಿದರೆ ಯಾರಿಗೆ ಬರಲ್ಲ? ಅದನ್ನು ಸರಿಮಾಡಿದ್ದು ಫಿಸಿಯೋಥೆರಪಿಯ ವ್ಯಾಯಾಮ. ಆದರೆ ಆ ಮೊದಲ ತಿಂಗಳುಗಳಲ್ಲಿ ನಾನು ಕುಸಿಯದೆ ಉಳಿದೆನಲ್ಲ, ಅದರಲ್ಲಿ ಅಕ್ಕನ ಪಾಲು ದೊಡ್ಡದು. ಸುಮ್ನೆ ಅಳು ಬರುತ್ತಿದ್ದ ದಿನಗಳಲ್ಲಿ ಅವರು ಏನೂ ಕೇಳದೆ ತಲೆಗೆ ಎಣ್ಣೆ ತಟ್ಟುತ್ತಿದ್ದರು. ವಾರಗಟ್ಟಲೆ ಅಳು ನಿಲ್ಲದಿದ್ದರೆ, ಮಗುವನ್ನು ನೋಡಲೂ ಮನಸ್ಸಾಗದಿದ್ದರೆ ಮಾತ್ರ ಎಣ್ಣೆ ನಂಬಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು ಹೆರಿಗೆ ಆದರೆ ತಾಯಿಯ ಎಣ್ಣೆಸ್ನಾನ ಮಾತ್ರ ತಗೊಳ್ಳುತ್ತೇನೆ, ದಿನ ಬಿಟ್ಟು ದಿನ, ಕಿಟ್ ಇಲ್ಲದೆ. ಕೇಳಿದರೆ ಹಾಗೂ ಕೊಡುತ್ತಾರೆ, ಜಾಹೀರಾತಿನಲ್ಲಿ ಹಾಕಲ್ಲ ಅಷ್ಟೇ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ವಾರ ವಾರ ಕೊಡುತ್ತೇವೆ ಅನ್ನಿ. ಹೆರಿಗೆ ತಾರೀಖು ಹಿಂದೆ ಮುಂದೆ ಆದರೆ ಬುಕಿಂಗ್ ಏನಾಗುತ್ತದೆ ಅಂತ ಬರಹದಲ್ಲಿ ತಗೊಳ್ಳಿ. ಬಾಡಿಗೆ ಮನೆಯಾದರೆ ಬಚ್ಚಲಿಗೆ ದಿನಾ ಒಂದು ಪಾತ್ರೆ ಬಿಸಿನೀರಿಗೆ ಸೋಪಿನಪುಡಿ ಹಾಕಿ ಸುರಿಯಿರಿ, ನಮ್ಮ ಪೈಪ್ ಎರಡು ಸಲ ಕಟ್ಟಿಕೊಂಡು ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದಿದ್ದರು.