ನೇಟಿವ್ ಗಿಡಗಳ ನರ್ಸರಿಯವ್ರ ಕೈಲಿ ತೋಟ ಮಾಡಿಸಿದ್ದು: ಗಿಡ ಸೂಪರ್, ಆಮೇಲಿನ ಆರೈಕೆ ಸಾಲದು

ಈ ನೆಲದ್ದೇ ಆದ ಮರ, ಪೊದೆ ಮಾತ್ರ ಬೆಳೆಸೋ ನರ್ಸರಿ ಇದು, ಜಾಗ ನೋಡಿ ಅವ್ರೇ ನೆಟ್ಟೂ ಕೊಡ್ತಾರೆ. ಮನೆ ಪಕ್ಕದ ಖಾಲಿ ಜಾಗಕ್ಕೆ ಅವ್ರ ಕೈಲೇ ಮಾಡಿಸಿದ್ವಿ. ನೆಟ್ಟ ದಿನ ಯಾವ ತೋಟ ಆದ್ರೂ ಚೆನ್ನಾಗೇ ಕಾಣತ್ತೆ ಅಂತ ಬೇಸಿಗೆ ದಾಟೋ ತನಕ ಕಾದು ಈಗ ಬರೀತಿದೀನಿ. ಐದಕ್ಕೆ ನಾಲ್ಕು ಸ್ಟಾರ್.

ತುಂಬಾ ಇಷ್ಟ ಆಗಿದ್ದು ಅಂದ್ರೆ ಇವ್ರು ಪೊದೆಗಳಿಂದ ಶುರು ಮಾಡಿದ್ದು. ಬಹಳ ಕಡೆ ನೇಟಿವ್ ಅಂತ ಹೇಳಿ ನಾಲ್ಕು ಹೊಂಗೆ, ಎರಡು ಬೇವು ನೆಟ್ಟು ಕೆಳಗೆ ಲಾನ್ ಹಾಸಿ ಹೋಗ್ತಾರೆ, ಮರ ಇರತ್ತೆ ಆದ್ರೆ ಹಕ್ಕಿ ಗೂಡು ಕಟ್ಟೋಕೆ, ಓತಿಕ್ಯಾತ ಅಡಗೋಕೆ ಜಾಗಾನೇ ಇರಲ್ಲ. ಇವ್ರು ಗುದ್ದಲಿ ಹಾಕಿ ಮಣ್ಣು ತೆಗೆದು ನೋಡಿ, ಮಳೆ ನೀರು ಎಲ್ಲಿ ನಿಲ್ಲತ್ತೆ, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳತ್ತೆ ಅಂತೆಲ್ಲಾ ಕೇಳಿ ಆಮೇಲೆ ಪಟ್ಟಿ ಕೊಟ್ರು. ಬಿಸಿಲಿನ ಬೇಲಿ ಸಾಲಿಗೆ ತಂಗಡಿ, ಬಂದರಿಕೆ, ಲಕ್ಕಿ, ನಡುನಡುವೆ ಮುಳ್ಳಿನ ಕವಳೆ, ನೀರು ಇಳಿಯೋ ಮೂಲೆಗೆ ಅತ್ತಿ, ಹಿಂದೆ ಹೊಂಗೆ ಮತ್ತೆ ಕಕ್ಕೆ.

ತಂಗಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಎಲೆ ಹತ್ರ ಕಣ್ಣಿಟ್ಟು ನೋಡಿದ್ರೆ ಅಕ್ಕಿ ನುಚ್ಚಿನಷ್ಟು ಸಣ್ಣ ಬಿಳಿ ಮೊಟ್ಟೆ ನೆಟ್ಟಗೆ ನಿಂತಿರತ್ತೆ, ವಲಸೆಗಾರ (ಎಮಿಗ್ರೆಂಟ್) ಅನ್ನೋ ಚಿಟ್ಟೆಗಳದ್ದು. ಅದ್ರಿಂದ ಬರೋ ಹಸಿರು ಹುಳದ ಪಕ್ಕೆಯಲ್ಲಿ ಉದ್ದಕ್ಕೂ ಒಂದು ತಿಳಿ ಗೆರೆ, ಎಲೆ ಮೇಲೆ ಮಲಗಿದ್ರೆ ಗೊತ್ತೇ ಆಗಲ್ಲ. ಎಲೆ ತೂತಾಯ್ತು ಅಂತ ಔಷಧಿ ಹೊಡೀಬೇಡಿ ದಯವಿಟ್ಟು, ಈ ಹುಳಕ್ಕೋಸ್ಕರಾನೇ ಅಲ್ವಾ ಗಿಡ ಹಾಕಿರೋದು! ಕಾಳು ತಿನ್ನೋ ಗುಬ್ಬಿ ಕೂಡ ಮರಿಗೆ ತಂದು ತಿನ್ನಿಸೋದು ಹುಳ ಹುಪ್ಪಟೇನೇ. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಚಿಕಡೀ ಅನ್ನೋ ಪುಟ್ಟ ಹಕ್ಕಿ ಮೇಲೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು, ಮನೆ ಅಂಗಳದ ಗಿಡಗಳಲ್ಲಿ ಸ್ಥಳೀಯ ಗಿಡಗಳ ಪಾಲು ಶೇ. 70ಕ್ಕಿಂತ ಕಮ್ಮಿ ಇದ್ದ ಕಡೆ ಆ ಹಕ್ಕಿಯ ಸಂತತಿ ಉಳಿಯೋ ಹಾಗಿರಲಿಲ್ಲ ಅಂತ ಕಂಡುಬಂತು. ಗುಲ್‌ಮೊಹರ್ ಮಡಗಾಸ್ಕರ್‌ದು, ರೈನ್ ಟ್ರೀ ಮಧ್ಯ, ದಕ್ಷಿಣ ಅಮೆರಿಕದ ಕಡೆಯದು, ನೆರಳಿಗೆ ಚೆನ್ನಾಗಿದೆ ನಿಜ, ಆದ್ರೆ ಇಲ್ಲಿನ ಹುಳಗಳು ಎಷ್ಟೋ ಕಾಲದಿಂದ ತಿಂದು ಬದುಕಿದ ಎಲೆ ಅದಲ್ಲ.

ಸಸಿ ಎಲ್ಲಾ ಮೊಣಕಾಲುದ್ದ ಇದ್ವು. ಆಳೆತ್ತರದ ಗಿಡ ಕೊಡಿ ಅಂದ್ರೆ ಬೇಡ ಅಂದ್ರು, ಒಂದು ಹಳೇ ಪ್ಲಾಸ್ಟಿಕ್ ಚೀಲ ಸೀಳಿ ಒಳಗೆ ಬೇರು ಸುತ್ತಿ ಸುತ್ತಿ ಗಂಟಾಗಿರೋದು ತೋರಿಸಿದ್ರು, ಹಂಗೇ ನೆಟ್ರೆ ಆ ಬೇರು ಆಳಕ್ಕೆ ಇಳಿಯಲ್ಲ, ಮರ ದೊಡ್ಡದಾದ್ಮೇಲೆ ಗಾಳಿಗೆ ಬೀಳತ್ತೆ. ಬೀಜ ಯಾವ ಕಡೆಯ ಮರಗಳದ್ದು ಅಂತ ಕೇಳಿದ್ದಕ್ಕೂ ಸರಿಯಾಗಿ ಉತ್ತರ ಬಂತು, ಒಂದೇ ತಾಯಿಮರದ ಬೀಜದಿಂದ ಎಲ್ಲಾ ಸಸಿ ಮಾಡಲ್ವಂತೆ, ಒಂದು ರೋಗ ಬಂದ್ರೆ ಎಲ್ಲಾ ಒಟ್ಟಿಗೆ ಹೋಗ್ಬಾರ್ದು ಅಂತ. ಇದನ್ನ ಹೇಳೋ ನರ್ಸರಿ ಸಿಕ್ಕೋದು ಕಷ್ಟ.

ಮಿಯಾವಾಕಿ ಕಾಡು ಮಾಡಿಕೊಡ್ತೀರಾ ಅಂತಾನೂ ಕೇಳಿದ್ವಿ. ಜಪಾನಿನ ಅಕಿರ ಮಿಯಾವಾಕಿ ಅವ್ರ ವಿಧಾನದಲ್ಲಿ ಒಂದು ಚದರ ಮೀಟರಿಗೆ ಮೂರ್ನಾಲ್ಕು ಸಸಿ ಒತ್ತೊತ್ತಾಗಿ ಹಾಕ್ತಾರಲ್ಲ ಅದು. ಇವ್ರು ಒಪ್ಪಲಿಲ್ಲ, ಕುರುಚಲು ಇರೋ ಒಣ ಜಾಗಕ್ಕೆ ಅದು ಹೊಂದಲ್ಲ, ಟಿಟ್ಟಿಭದಂಥ ನೆಲದ ಮೇಲೆ ಮೊಟ್ಟೆ ಇಡೋ ಹಕ್ಕಿಗೆ ಬಯಲೇ ಬೇಕು ಅಂದ್ರು. ಬರೋ ಕೆಲಸ ಬಿಟ್ಟು ನಿಜ ಹೇಳಿದ್ದು ದೊಡ್ಡದು ನನ್ನ ಪ್ರಕಾರ.

ಈಗ ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ. ತಂಗಡಿ ಅಂತ ಕೊಟ್ಟ ಸಸಿಗಳಲ್ಲಿ ಕೆಲವು ಸೀಮೆ ತಂಗಡಿ ಆಗಿದ್ವು, ಅದು ಆಗ್ನೇಯ ಏಷ್ಯಾದ ದೊಡ್ಡ ಮರ, ಬೇಲಿಗೆ ಆಗೋದೇ ಇಲ್ಲ. ನಮ್ಮ ತಂಗಡಿಗೆ ಎಲೆತೊಟ್ಟಿನ ಬುಡದಲ್ಲಿ ಅಗಲವಾಗಿ ಕಿವಿ ಥರ ಎಲೆಚೂರು ಇರತ್ತೆ, ಇನ್ನೊಂದಕ್ಕೆ ಇರಲ್ಲ, ಸಸಿ ತಗೊಳೋವಾಗ್ಲೇ ನೋಡ್ಕೊಳಿ. ಹೇಳಿದ್ಮೇಲೆ ಬದಲಾಯಿಸಿ ಕೊಟ್ರು, ಆದ್ರೆ ಬೆನ್ನು ಹತ್ತಬೇಕಾಯ್ತು. ಬುಡಕ್ಕೆ ಹಾಕಿದ ತರಗೆಲೆ ಹೊದಿಕೆ ತೀರಾ ತೆಳು, ಮೊದಲ ಜೋರು ಮಳೆಗೇ ಕೊಚ್ಚಿಹೋಯ್ತು. ಬಂದು ನೋಡ್ತೀವಿ ಅಂದೋರು ಬರಲೇ ಇಲ್ಲ, ಫೋನ್ ಮಾಡಿದ್ರೆ ನಾಳೆ ನಾಡಿದ್ದು.

ನೇಟಿವ್ ಗಿಡಕ್ಕೆ ನೀರೇ ಬೇಡ ಅನ್ನೋ ಮಾತು ಅವ್ರೂ ಹೇಳಿದ್ರು, ಅದು ಪೂರ್ತಿ ಸರಿ ಅಲ್ಲ. ಬೇರು ಇಳಿಯೋ ತನಕ, ಅಂದ್ರೆ ಮೊದಲೆರಡು ಬೇಸಿಗೆ, ನೀರು ಕೊಡ್ಲೇಬೇಕು, ದಿನಾ ಚೂರುಚೂರು ಹಾಕೋ ಬದಲು ಬಿಟ್ಟುಬಿಟ್ಟು ತುಂಬಾ ಹಾಕ್ಬೇಕು. ಬಂದರಿಕೆ ಮಾತ್ರ ಆ ಬಿಸಿಲಲ್ಲೂ ಎಲೆ ಬಾಡಿಸ್ಲಿಲ್ಲ, ಆಡು ಮೇಕೆನೂ ಬಾಯಿ ಹಾಕಲ್ಲ, ಬೇಲಿಗೆ ಕಣ್ಣುಮುಚ್ಚಿ ಹಾಕಬಹುದು. ಲಕ್ಕಿ ಹೂ ಬಿಟ್ಟಾಗ ಜೇನ್ನೊಣದ ಸದ್ದು ದೂರಕ್ಕೇ ಕೇಳತ್ತೆ. ಅತ್ತಿ ಇನ್ನೂ ಚಿಕ್ಕದು, ಕಾಯಿ ಬಿಡೋಕೆ ಕಾಲ ಇದೆ, ಬಿಟ್ಟರೆ ಕುಟ್ರು, ಪಿಕಳಾರ, ಬಾವಲಿ ಎಲ್ಲಕ್ಕೂ ಊಟ.

ಒಂದೇ ಸಲ ಹಸಿರು ತುಂಬಿದ ಫೋಟೋ ಬೇಕು ಅನ್ನೋರಿಗೆ ಇವ್ರು ಸರಿಹೋಗಲ್ಲ. ನಿಧಾನಕ್ಕೆ ಬೆಳೀಲಿ ಅನ್ನೋರು ಧೈರ್ಯವಾಗಿ ಹೋಗಿ, ಪಟ್ಟೀನ ವೈಜ್ಞಾನಿಕ ಹೆಸರು ಹಾಕಿಸಿ ಬರೆಸ್ಕೊಳಿ, ನೋಡೋಕೆ ಯಾವಾಗ ಬರ್ತಾರೆ ಅನ್ನೋದನ್ನೂ ಅದರಲ್ಲೇ ಬರೆಸಿ. ಕವಳೆ ಸಸಿ ಬೇಗ ಖಾಲಿ ಆಗತ್ತೆ, ಬೇಕಿದ್ರೆ ಮಳೆಗಾಲಕ್ಕೆ ಮುಂಚೇನೇ ಹೇಳಿಡಿ.